ನೋವು ನಿಂತ ಹೊಟ್ಟೆ

ಆಸ್ಪತ್ರೆಯಲ್ಲಿ ಟೈಲರ್ ಬೆಳಿಗ್ಗೆಯಿಂದ ಹೊಟ್ಟೆನೋವಿಗೆ ಹೊರಳಾಡುತ್ತ, ಕರುಳು ಕಿತ್ತು ಬರುವ ಹಾಗೆ ಓಕರಿಸುತ್ತಿದ್ದ, ಆದರೆ ಬಾಯಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಸುವ ಟ್ಯೂಬು ಎದೆ ದಾಟಲೇ ಇಲ್ಲ.

"ನುಂಗ್ರೀ! ಮಗು ಥರ ಹಟ ಮಾಡಿದ್ರೆ ನಾನೇನ್ ಮಾಡ್ಲಿ?" ಎಂದು ಡಾಕ್ಟರು ರೇಗಿದರು.

"ತಪ್ಪಾಯ್ತು ಸಾರ್" ಎಂದ ಟೈಲರ್.

ಗ್ಯಾಸು ಎಂದು ಇಂಜೆಕ್ಷನ್ ಬರೆದು ಡಾಕ್ಟರು ಹೊರಟುಹೋದರು.

ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ ಅವರಿಗೆ ಥಟ್ಟನೆ ಹೊಳೆಯಿತು. ಏನೂ ಬಾರದ ಓಕರಿಕೆ, ಉಬ್ಬಿದ ಮೇಲ್ಹೊಟ್ಟೆ, ಇಳಿಯದ ಟ್ಯೂಬು. ಪಾಪದವನ ಜಠರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ! ರಕ್ತ ಹರಿಯುವುದು ನಿಲ್ಲುವ ಮೊದಲೇ ಕೊಯ್ದು ಬಿಡಿಸಬೇಕಿತ್ತು. ಅಪರೂಪದ ಕಾಯಿಲೆ, ನಿಜ. ಹಾಗಂತ ಇಷ್ಟು ವರ್ಷ ಕತ್ತೆ ಕಾಯ್ದೆನಾ ಎಂದು ತಮ್ಮನ್ನೇ ಬೈದುಕೊಳ್ಳುತ್ತ ವಾರ್ಡಿಗೆ ಓಡಿದರು.

ಟೈಲರ್ ದಿಂಬಿಗೊರಗಿ ನಗುತ್ತಿದ್ದ. ಹಣೆ ತಣ್ಣಗೆ ಬೆವೆತಿತ್ತು. "ನೋವು ಪೂರ್ತಿ ಹೋಯ್ತು ಸಾರ್."

ಅಂಥ ನೋವು ತಾನಾಗಿ ನಿಂತರೆ ಜಠರ ಸತ್ತಿದೆ ಎಂದರ್ಥ. "ಥಿಯೇಟರ್ ರೆಡಿ ಮಾಡಿ" ಎಂದು ಡಾಕ್ಟರು ಕೂಗಿದರು. ಆ ಕೂಗಿನಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

ಟೈಲರನ ಹೆಂಡತಿ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಕೈಗುಣ ಸಾರ್ ನಿಮ್ದು!"