ಮಾಬ್ಲನ ತುಟಿ, ನನ್ನ ಸ್ವರ

ಟಿವಿ ತೆರೆಯಲ್ಲಿ ಗೆರೆಗಳು ಓಡುತ್ತಿವೆ, ನನ್ನ ಹಳೇ ಕ್ಯಾಸೆಟ್ಟಿನ ಬೂಷ್ಟು ಸಿಡಿಗೂ ಬಂದಿದೆ, ಭಟ್ಕಳದ ಅಂಗಡಿಯವನು ಇಷ್ಟೇ ಆಗೋದು ಅಂದಿದ್ದ, ಇರಲಿ, ದೋಣಿ ಕಾಣುತ್ತದೆ, ಮಾಬ್ಲ ಕಾಣುತ್ತಾನೆ, ಇವರ ಮನೆಯ ಕ್ಯಾಸೆಟ್ಟು ಹಾಕಿ ಹಾಕಿ ಸವೆದೇಹೋಗಿತ್ತು, ಅದಕ್ಕೇ ನನ್ನದನ್ನು ಸಿಡಿ ಮಾಡಿಸಿ ತಂದೆ — ಗುರಣ್ಣ, ಬನ್ನಿ, ಕೂತ್ಕೊಳ್ಳಿ, ಆದ್ರೆ ಹುಡುಗಿ ಎದುರಿಗೆ ಬಾಯಿ ಬಿಡ್ಬೇಡಿ, ಪಿಚ್ಚರಲ್ಲಿರೂದು ಅಪ್ಪನ ಸ್ವರ ಅಂತ್ಲೇ ತಿಳ್ಕಂಡಿದೆ, ಮಾಬ್ಲನ ಹೆಂಡತಿ ಕಮಲಿ ಬಾಗಿಲಲ್ಲೇ ಹೇಳಿದ್ದಳು, ಆತು ಎಂದು ತಲೆಯಾಡಿಸಿದ್ದೆ, ರಿಕ್ಷಾದಲ್ಲಿ ಮೈಕು ಹಿಡಿದು ಹೊನ್ನಾವರದಿಂದ ಕುಮಟಾದವರೆಗೆ ಯಕ್ಷಗಾನದ ಪ್ರಚಾರ ಮಾಡಿದ ಬಾಯಿಗೆ ಈಗ ಬೀಗ. ತೊಂಬತ್ತೆಂಟರಲ್ಲಿ ನಾವೇ ನಾಲ್ಕು ಜನ ಸೇರಿ ಮಾಡಿದ ಟೆಲಿಫಿಲಂ ಇದು, ದೋಣಿಯವನ ಪಾತ್ರಕ್ಕೆ ಮಾವಿನಕುರ್ವೆಯ ದೋಣಿಯವನೇ, ಈ ಮಾಬ್ಲ, ಮುಖ ಚಂದ, ಸ್ವರ ಮಾತ್ರ ಒಡಕು, ಅದಕ್ಕೇ ನನ್ನದನ್ನು ಕೂರಿಸಿದರು, ಕುಮಟಾದ ಫೋಟೋ ಸ್ಟುಡಿಯೋದ ಕಿಟಕಿಗೆ ಹಾಸಿಗೆ ಒತ್ತಿ ರೆಕಾರ್ಡಿಂಗು, ಕಾಗೆ ಕೂಗಿದಾಗೆಲ್ಲ ಮತ್ತೆ ಮೊದಲಿಂದ, ತುಟಿ ನೋಡು ಮಾರಾಯ, ತುಟಿ ನೋಡಿ ಹೇಳು, ಚಿತ್ರ ತೆಗೆದ ಶ್ರೀಧರನ ಕಿರಿಕಿರಿ, ಆದರೂ ನನಗೆಷ್ಟು ಜಂಬ ಆಗ. ಮಾಬ್ಲ ನೋಡಿ ನಕ್ಕಿದ್ದ, ಮುಖ ನಂದು, ಸ್ವರ ನಿಮ್ದು, ಇಬ್ರೂ ಸೇರಿ ಒಂದು ಹೀರೋ ಆತು, ಮರುವರ್ಷದ ಮಳೆಗಾಲದಲ್ಲಿ ಅಳಿವೆಯಲ್ಲಿ ಅವನ ದೋಣಿ ಮಗುಚಿತು, ಮಗಳು ದೀಕ್ಷಾ ತೊಟ್ಟಿಲಲ್ಲಿದ್ದಳು. ಈಗ ಅವಳಿಗೆ ಒಂಬತ್ತು ವರ್ಷ, ಪರೀಕ್ಷೆಯಿದ್ದರೂ ಜ್ವರ ಬಂದರೂ ಇದನ್ನೇ ಹಾಕುತ್ತಿದ್ದಳಂತೆ, ಬಂತು ಆ ಜಾಗ, ಹೆದರಬೇಡ ಮಗಾ, ದಡ ಬಂತು — ನನ್ನ ಸ್ವರ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ, ನನಗೆ ಕದ್ದು ಸಿಕ್ಕಿಬಿದ್ದವನ ಸಂಕಟ, ಇವಳಪ್ಪನ ಒಡಕು ಸ್ವರ ಎಲ್ಲಿಯೂ ಉಳಿದಿಲ್ಲ, ಅಳಿಸಿದವನು ನಾನು, ಹೇಳಿಬಿಡಲೇ, ಹೇಳಿದರೆ ಇವಳಿಗೆ ಇರುವುದೂ ಹೋಗುತ್ತದೆ. ಮಾಮಾ, ಚಾಕ್ಕೆ ಸಕ್ರೆ ಸಾಕಾ, ಹುಡುಗಿ ಕೇಳಿದಳು, ತಲೆಯಾಡಿಸಿದೆ, ಮಾಮಂಗೆ ಗಂಟಲು ನೋವು ಮಗಾ ಎಂದಳು ಕಮಲಿ, ಹುಡುಗಿ ರಿಮೋಟ್ ಒತ್ತಿ ಹಿಂದಕ್ಕೆ ಹೋದಳು, ಮತ್ತೆ ಹೆದರಬೇಡ ಮಗಾ, ಮತ್ತೆ ದಡ ಬಂತು, ಇಲ್ಲಿ ನೋಡಿ ಮಾಮಾ, ಅಪ್ಪ ಇನ್ನೂ ಎಂತದೋ ಹೇಳ್ತಾನೆ, ಸ್ವರ ಕೇಳೂದಿಲ್ಲ — ಹೌದು, ಬರೆದುಕೊಟ್ಟ ಮಾತು ಮುಗಿದ ಮೇಲೆ ಅವನೇ ಸೇರಿಸಿದ್ದು, ಕಾಗದದಲ್ಲಿ ಇರಲಿಲ್ಲ, ನಾನು ಬಿಟ್ಟುಬಿಟ್ಟೆ, ಕಮಲಿ ನನ್ನ ಕಡೆ ನೋಡುತ್ತಾಳೆ, ಎಂತ ಹೇಳಿದ್ದ ಗುರಣ್ಣ ಎಂದು ಅವಳ ಕಣ್ಣು ಕೇಳುತ್ತದೆ, ನನಗೂ ಗೊತ್ತಿಲ್ಲ ಕಮಲಿ, ತುಟಿ ನೋಡು ಎಂದಿದ್ದ ಶ್ರೀಧರ, ನೋಡಲಿಲ್ಲ, ಹುಡುಗಿ ಚಿತ್ರ ನಿಲ್ಲಿಸಿ ಗಾಜಿನ ಮೇಲೆ ಬೆರಳಿಡುತ್ತಾಳೆ, ಅಲ್ಲೇ, ನನ್ನ ಸ್ವರ ಮುಗಿದ ಮೇಲೂ ತೆರೆದೇ ಇರುವ ಮಾಬ್ಲನ ತುಟಿ