ಎರಡು ಸುತ್ತು

"ಗಂಟು ಹಾಕೋಕೆ ಬರದ ಬೋಳಿಮಗ ಮರ ಹತ್ತಿದ್ರೆ ಬೀಳದೆ ಇನ್ನೇನು, ಹಾರ್ತಾನಾ?"

ಗುತ್ತಿಗೆದಾರ ಇದನ್ನು ಹೇಳಿದ್ದು ನಗರಸಭೆಯ ಸಾಹೇಬರ ಕೋಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂತು. ಬಾಗಿಲ ಬಳಿ ನನ್ನಕ್ಕ ನಿಂತಿದ್ದಳು. ಅವನು ಬೈದದ್ದು ಅವಳ ಗಂಡನನ್ನು. ಬೀದಿಮರದ ಕೊಂಬೆ ಕಡಿಯಲು ಹತ್ತಿ ಬಿದ್ದು ಭಾವ ಸತ್ತು ಹದಿನೈದು ದಿನವಾಗಿತ್ತು.

ಮೇಜಿನ ಮೇಲೆ ಕಾಗದ ತಯಾರಾಗಿತ್ತು. ಗಂಟು ತಪ್ಪಾಗಿ ಹಾಕಿದ್ದರಿಂದ ಬಿದ್ದ ಎಂದು ಬರೆದಿತ್ತು. ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಬೇಕು. ತಪ್ಪು ಭಾವನದೇ ಎಂದಾದರೆ ಅವನ ಬದಲಿಗೆ ಅಕ್ಕನಿಗೆ ಸಿಗಬೇಕಾದ ಕಸ ಗುಡಿಸುವ ಕೆಲಸವಿಲ್ಲ, ಈಗ ವಾಸವಿರುವ ಕೋಣೆಯೂ ಇಲ್ಲ.

ನನಗೆ ಗಂಟು ಕಲಿಸಿದವನೇ ಭಾವ. ಮಂಚದ ಕಾಲಿಗೆ ಹಗ್ಗ ಕಟ್ಟಿ, ಯಾವ ಕೆಲಸಕ್ಕೆ ಯಾವ ಗಂಟು ಎಂದು ಒಂದು ತಿಂಗಳು ತಲೆ ತಿಂದಿದ್ದ. ಕಡಿದ ಕೊಂಬೆ ಇಳಿಸಲು ಒಂದು, ಸೊಂಟಕ್ಕೆ ಒಂದು. ಜೀವ ಕಾಯುವುದು ಮಾತ್ರ ಹಿಡಿಗಂಟು. ಮರದಿಂದ ಇಳಿಬಿಟ್ಟ ದಪ್ಪ ಹಗ್ಗಕ್ಕೆ ಸೊಂಟದ ಸಣ್ಣ ಹುರಿಯನ್ನು ನಾಲ್ಕು ಸುತ್ತು ಸುತ್ತಿ ಹಾಕುವುದು. ಕೈಯಿಂದ ದೂಡಿದರೆ ಜರುಗುತ್ತದೆ, ಮೈಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿ ಹಾಕಲು ಬರುವವರೆಗೆ ನನ್ನನ್ನು ಮರ ಮುಟ್ಟಗೊಡಲಿಲ್ಲ. ಮಂಚ ಎಲ್ಲಿ ಓಡಿಹೋಗುತ್ತೆ ಅಂತ ಹಿಂಗೆ ಕಟ್ಟಿಹಾಕ್ತಿದ್ದೀರಿ ಎಂದು ಅಕ್ಕ ನಗುತ್ತಿದ್ದಳು.

"ಅವನು ಹಾಕಿದ್ದ ಗಂಟು ಎಲ್ಲಿ?" ಸಾಹೇಬರು ಕೇಳಿದರು.

ಬಿಚ್ಚಿದ್ದು ನಾನೇ. ನೆಲ ಮುಟ್ಟಿದ ಕೂಡಲೇ ಗಂಟು ಬಿಚ್ಚಿ ಹುರಿಯನ್ನು ಜೇಬಿಗೆ ಹಾಕುವುದು ನಮ್ಮ ಕ್ರಮ. ಹಾಗೇ ಬಿಟ್ಟರೆ ಹುರಿ ಹಾಳಾಯಿತೆಂದು ಗುತ್ತಿಗೆದಾರ ಹುಟ್ಟಿಸಿದವರನ್ನೆಲ್ಲ ಎಳೆದು ಬೈಯುತ್ತಾನೆ. ಭಾವ ಬಿದ್ದಾಗ ಓಡಿಹೋದೆ. ಅವನಿನ್ನೂ ಉಸಿರಾಡುತ್ತಿದ್ದ. ಮೊದಲು ಗಂಟು ಬಿಚ್ಚಿದೆ, ಹುರಿ ಸುತ್ತಿ ಅವನ ಜೇಬಿಗೆ ಹಾಕಿದೆ, ಆಮೇಲೆ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಅಕ್ಕನಿಗೆ ಇದನ್ನು ಹೇಳಿರಲಿಲ್ಲ. ಆ ಕೋಣೆಯಲ್ಲಿ ನಾನು ಸಾಹೇಬರಿಗೆ ಹೇಳುವಾಗ ಕೇಳಿಸಿಕೊಂಡಳು.

ಗುತ್ತಿಗೆದಾರ ನಕ್ಕ. ಭಾವ ಬಿದ್ದ ಹಗ್ಗವನ್ನು ಸಾಕ್ಷಿಗೆಂದು ತಂದು ಮೂಲೆಯಲ್ಲಿ ಹಾಕಿದ್ದರು. ಅದನ್ನೆತ್ತಿ ಕಿಟಕಿಯ ಮೇಲಿನ ಸರಳಿಗೆ ಕಟ್ಟಿದೆ. ನನ್ನ ಜೇಬಿನ ಹುರಿ ತೆಗೆದು ಸುತ್ತಿದೆ. ಎರಡು ಸುತ್ತಿಗೆ ಮುಗಿಯಿತು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಗಂಟು ಸರ್ರನೆ ಜಾರಿ ನನ್ನ ಮಂಡಿ ನೆಲಕ್ಕೆ ಬಡಿಯಿತು.

ಹುರಿ ಬಂದದ್ದು ಒಬ್ಬನಿಗೆ ಒಂದರಂತೆ. ಗುತ್ತಿಗೆದಾರ ಒಂದನ್ನು ತುಂಡು ಮಾಡಿ ನನಗೂ ಭಾವನಿಗೂ ಹಂಚಿದ್ದ. ಸಾಲಲ್ಲ ಎಂದು ಭಾವ ಎರಡು ಸಲ ಕೇಳಿದ್ದಕ್ಕೆ, ಅಷ್ಟುದ್ದ ಯಾಕೆ, ಉಯ್ಯಾಲೆ ಕಟ್ಟೋಕಾ ಎಂದಿದ್ದ. ಅದನ್ನೂ ಹೇಳಿದೆ.

ಸಾಹೇಬರು ಕಿಟಕಿಯ ಕಡೆ ನೋಡಿದರು. "ಎರಡೇ ಸುತ್ತು ಅಂತ ಗೊತ್ತಿದ್ದೂ ಯಾಕಯ್ಯ ಹತ್ತಿದ?"

ಬಾಗಿಲ ಬಳಿಯಿಂದ ಅಕ್ಕ ಹೇಳಿದಳು: "ಹತ್ತಲ್ಲ ಅಂದಿದ್ರೆ ನೀವು ಕರೆದು ಕುರ್ಚಿ ಕೊಡ್ತಿದ್ರಾ ಸ್ವಾಮಿ?"

ಸಾಹೇಬರು ಪೆನ್ನು ತೆಗೆದು ಒಂದು ಸಾಲು ಸೇರಿಸಿ ಓದಿದರು. ನಾಲ್ಕು ಸುತ್ತು ಬೇಕಾದಲ್ಲಿ ಮೃತನು ತಿಳಿದೂ ಎರಡೇ ಸುತ್ತು ಹಾಕಿದ್ದ. ಇದನ್ನು ಅವನ ಹೆಂಡತಿಯ ತಮ್ಮನೇ ಕಟ್ಟಿ ತೋರಿಸಿದ್ದಾನೆ. ಹುರಿ ತುಂಡು ಮಾಡಿದವನ ಮಾತೇ ಅದರಲ್ಲಿರಲಿಲ್ಲ. ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಕೈ ಚಾಚಲಿಲ್ಲ. ಬೇಡ ಬಿಡು, ನಾನೂ ಗುತ್ತಿಗೆದಾರರೂ ನೋಡಿದ್ದೇವಲ್ಲ, ಅಷ್ಟೇ ಸಾಕು ಎಂದು ತಾವೇ ಸಹಿ ಹಾಕಿಕೊಂಡರು.

"ಲೇ, ಅದನ್ನ ಬಿಚ್ಚಿ ಇಟ್ಟು ಹೋಗು," ಎಂದ ಗುತ್ತಿಗೆದಾರ.

ನನ್ನ ಕೈ ತಾನಾಗಿಯೇ ಗಂಟಿನ ಹತ್ತಿರ ಹೋಯಿತು. ಬೆರಳು ಹುರಿಯ ತುದಿಯನ್ನೂ ಹಿಡಿದಿತ್ತು. ಬಿಟ್ಟೆ.

"ನೀನೇ ಬಿಚ್ಕೋ," ಎಂದೆ. "ಭಾವನನ್ನ ಜೀವಂತ ಇಳಿಸೋಕಂತೂ ಆಗಲಿಲ್ಲ ನಿನಗೆ."

ನಾಳೆಯಿಂದ ಬರಬೇಡ ಎಂದು ಹಿಂದಿನಿಂದ ಅರಚುತ್ತಿದ್ದ. ಮೆಟ್ಟಿಲಿಳಿದು ಬೀದಿಗೆ ಬಂದೆವು. ತಿರುವಿನಲ್ಲಿ ಅಕ್ಕ, ಆಸ್ಪತ್ರೆಯವರು ಕೊಟ್ಟ ಭಾವನ ಬಟ್ಟೆಯ ಚೀಲಕ್ಕೆ ಕೈ ಹಾಕಿ, ನಾನು ಸುತ್ತಿಟ್ಟಿದ್ದ ಹುರಿಯನ್ನು ಹಾಗೇ ಹೊರಗೆ ತೆಗೆದಳು.

"ಬೇರೆ ಕಡೆ ಮರಕ್ಕೆ ಕರೆದ್ರೆ ಹೋಗ್ತೀಯಾ?"

ಹೋಗದೆ ಇನ್ನೇನು ಮಾಡ್ಲಿ ಎಂದೆ.

"ಇದು ಎಷ್ಟು ಸುತ್ತು ಬರುತ್ತೆ?"

ಅವಳಿಗೆ ಗೊತ್ತಿತ್ತು. ಆದರೂ ಉತ್ತರಕ್ಕೆ ಕಾಯುತ್ತಾ ನಡುಬೀದಿಯಲ್ಲಿ ನಿಂತೇ ಇದ್ದಳು.