ಮಸ್ಟ್ ಅತ್ತೆ, ಮೈಟ್ ಮಾವ

ಹೋಟೆಲಿನ ನೆಲಮಾಳಿಗೆಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಮಡಿಸುವವಳು ನಾನು. ಅಲ್ಲಿ ಕಿಟಕಿಯಿಲ್ಲ, ಹಬೆಗೇನೂ ಕಡಿಮೆಯಿಲ್ಲ. ಮೇಲೆ ರಿಸೆಪ್ಷನ್ನಿನಲ್ಲಿ ಒಂದು ಜಾಗ ಖಾಲಿಯಾಗಿದೆ ಎಂದು ತಿಳಿದ ದಿನದಿಂದ ನನಗೆ ಅದರದೇ ಧ್ಯಾನ. ಅಲ್ಲಿ ಗಾಜಿನ ಬಾಗಿಲು, ಬೆಳಕು, ಓಡಾಡುವ ಜನ. ಬೇಕಾದದ್ದು ಎರಡೇ: ನಾಲ್ಕು ಮಾತು ಇಂಗ್ಲಿಷು, ಸಂಜೆ ಪಾಳಿಗೆ ಅತ್ತೆಯ ಒಪ್ಪಿಗೆ. ಎರಡರಲ್ಲಿ ಇಂಗ್ಲಿಷೇ ವಾಸಿ ಅನ್ನಿಸಿತ್ತು.

ನಾದಿನಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ತರಕಾರಿ ಹೆಚ್ಚುತ್ತಾ ನನಗೆ ಪಾಠ ಹೇಳುತ್ತಿದ್ದಳು. ಮಸ್ಟ್, ಶುಡ್, ಕ್ಯಾನ್, ಮೇ, ಮೈಟ್ ಎಲ್ಲವೂ ನನ್ನ ತಲೆಯಲ್ಲಿ ಕಲಸುಮೇಲೋಗರವಾಗಿದ್ದವು. ಅವಳಿಗೂ ಸಾಕಾಗಿರಬೇಕು.

"ಅತ್ತಿಗೆ, ಪುಸ್ತಕ ಆಚೆ ಇಡಿ. ನಮ್ಮನೆಯವರನ್ನೇ ನೆನಪಿಟ್ಕೊಳ್ಳಿ," ಅಂದಳು. "ಮಸ್ಟ್ ಅಂದ್ರೆ ಅಮ್ಮ. ಮಾಡಲೇಬೇಕು, ಎರಡನೇ ಮಾತಿಲ್ಲ. ಶುಡ್ ಅಂದ್ರೆ ನಮ್ಮಣ್ಣ. ನಲ್ಲಿ ರಿಪೇರಿ ಮಾಡಿಸಬೇಕು, ಮಾಡಿಸಬೇಕು ಅಂತಾನೇ ಇರ್ತಾನೆ, ಅದು ಸೋರ್ತಾನೇ ಇರುತ್ತೆ. ಮೈಟ್ ಅಂದ್ರೆ ಅಪ್ಪ. ಆದ್ರೂ ಆಗಬಹುದು, ಆಗದೇನೂ ಇರಬಹುದು, ನೋಡೋಣ."

"ಕ್ಯಾನ್?"

"ನಾನೇ! ನನ್ನ ಕೈಲಿ ಆಗದ್ದು ಏನಿದೆ?"

"ಮತ್ತೆ ನಾನು?"

"ನೀವು ಮೇ. ಫ್ಯಾನ್ ಹಾಕ್ಲಾ, ಸ್ವಲ್ಪ ಹೊರಗೆ ಹೋಗಿ ಬರ್ಲಾ ಅಂತ ನಿಮ್ಮ ಮನೇಲೇ ನೀವು ಅಪ್ಪಣೆ ಕೇಳ್ತೀರಲ್ಲ."

ನಗು ಬಂತು, ಸ್ವಲ್ಪ ಚುಚ್ಚಿತು ಕೂಡ. ಪಾಠ ಮಾತ್ರ ತಲೆಗೆ ಹತ್ತಿತು.

ಸಂದರ್ಶನದ ದಿನ ಹೋಟೆಲಿನ ಮ್ಯಾನೇಜರಮ್ಮ ತಾವೇ ಸಿಟ್ಟಿಗೆದ್ದ ಗಿರಾಕಿಯ ವೇಷ ಕಟ್ಟಿದರು. ರೂಮು ಇನ್ನೂ ರೆಡಿಯಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೂಗಾಡುತ್ತಾ ಕೌಂಟರು ಕುಟ್ಟಿದರು. ನನಗೆ ವಿನಯದ ಮಾತು ಒಂದಾದರೂ ಬರಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಯಾರೇ ಕೂಗಾಡಿದರೂ ತಣ್ಣಗೆ ಮಾಡುವವರು ಒಬ್ಬರೇ. ಕಣ್ಣ ಮುಂದೆ ಬಂದದ್ದು ಸೊಂಟಕ್ಕೆ ಕೈಯಿಟ್ಟ ಅತ್ತೆ.

"ಯೂ ಮಸ್ಟ್ ಸಿಟ್," ಅಂದೆ. "ಯೂ ಮಸ್ಟ್ ಡ್ರಿಂಕ್ ವಾಟರ್. ಐ ಮಸ್ಟ್ ಸೀ ಯುವರ್ ರೂಮ್."

ಮ್ಯಾನೇಜರಮ್ಮ ಕೂತರು. ನಾನು ಕೊಟ್ಟ ನೀರನ್ನು ಅರ್ಧ ಕುಡಿದ ಮೇಲೆಯೇ ಅವರಿಗೆ ನಗು ಬಂದದ್ದು.

"ಗಿರಾಕಿಗಳಿಗೆ ಹೀಗೆಲ್ಲ ಹುಕುಂ ಮಾಡೋ ಹಾಗಿಲ್ಲ ಕಣಮ್ಮ. ಮಾತು ನಾನು ತಿದ್ತೀನಿ. ಆದ್ರೆ ಸಿಟ್ಟಲ್ಲಿ ಬಂದವರನ್ನ ಕೂರಿಸೋದನ್ನ ನಾನು ಯಾರಿಗೂ ಕಲಿಸೋಕಾಗಲ್ಲ. ಸೋಮವಾರದಿಂದ ಮೇಲೆ ಬಾ."

ಊಟದ ಹೊತ್ತಿಗೆ ಮನೆಯಲ್ಲಿ ವಿಷಯ ಹೇಳಿದೆ.

"ಸಂಜೆ ಪಾಳಿನಾ?" ಅಂದರು ಅತ್ತೆ. "ರಾತ್ರಿ ಅಡುಗೆ ಯಾರು ಮಾಡ್ತಾರೆ? ನನ್ನ ಮಂಡಿಗೆ ಎರಡು ಹೊತ್ತೂ ನಿಲ್ಲೋಕಾಗಲ್ಲ. ಬರಲ್ಲ ಅಂತ ಹೇಳ್ಬಿಡು."

ಅವರ ಮಂಡಿನೋವು ಸುಳ್ಳಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. "ಅವಳಿಗೂ ಒಂದು ಅವಕಾಶ ಕೊಡಬೇಕು," ಎಂದ ಗಂಡ ಮತ್ತೆ ತಟ್ಟೆಯೊಳಗೆ ತಲೆ ಹಾಕಿದ.

"ನೋಡೋಣ," ಅಂದರು ಮಾವ.

ನಾದಿನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಅತ್ತಿಗೆಗೆ ಕೆಲಸ ಸಿಕ್ಕಿದ್ದೇ ನಿನ್ನಿಂದ!" ಎಂದು ನಮ್ಮ ಪಾಠದಿಂದ ಹಿಡಿದು, ನಾನು ಅವಳಿಗೊಬ್ಬಳಿಗೇ ಹೇಳಿದ್ದ ಸಂದರ್ಶನದ ಕತೆಯವರೆಗೆ ಎಲ್ಲವನ್ನೂ ಒದರಿಬಿಟ್ಟಳು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು ನನಗೆ.

ಅತ್ತೆ ಬೈಯಲಿಲ್ಲ. "ನಾನು ಮಸ್ಟಾ? ಮತ್ತೆ ಇವರು?"

"ಮೈಟ್. ಆದ್ರೂ ಆಗಬಹುದು, ಆಗದೇನೂ ಇರಬಹುದು."

ಅತ್ತೆ ಜೋರಾಗಿ ನಕ್ಕರು. ನಗುತ್ತಿದ್ದವರು ಹಾಗೇ ನಿಲ್ಲಿಸಿದರು.

"ಮಕ್ಕಳ ಶಾಲೆಗೂ ಇವರು ನೋಡೋಣ ಅಂದ್ರು, ಮನೆ ಬದಲಾಯಿಸೋಕೂ ನೋಡೋಣ ಅಂದ್ರು. ಯಾರಾದ್ರೂ ಒಬ್ರು ಮಾಡಲೇಬೇಕಿತ್ತಲ್ಲ. ನಾನೇನು ಹುಟ್ತಾನೇ ಮಸ್ಟ್ ಆಗಿದ್ನಾ?"

ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಅವರ ಮೇಲೆ ಅಷ್ಟು ಹೊತ್ತು ಕುದಿಯುತ್ತಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದು ತಟ್ಟೆಗಳನ್ನು ಒಟ್ಟುಮಾಡತೊಡಗಿದರು. ಮಾವ ಅವರ ಕೈಯಿಂದ ತಟ್ಟೆ ತೆಗೆದುಕೊಂಡರು.

"ನೀನು ಕೂತ್ಕೋ. ಸೋಮವಾರದಿಂದ ರಾತ್ರಿ ಅಡುಗೆ ನಂದು."

"ನಿಮಗೆ ಬರುತ್ತೇನ್ರೀ?"

"ನೋಡೋ..." ಎಂದು ಶುರುಮಾಡಿದ ಮಾವ ಅಲ್ಲಿಗೇ ನಿಲ್ಲಿಸಿದರು. "ಬರಲ್ಲ. ನೀನು ಕೂತಲ್ಲಿಂದ ಹೇಳಿಕೊಡು, ಮಾಡ್ತೀನಿ."

ಅತ್ತೆ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಕೂತರು. ಊಟವಾದ ಮೇಲೆ ಅವರು ಕುರ್ಚಿಯಲ್ಲಿ ಹಾಗೆ ಒರಗಿದ್ದನ್ನು ನಾನು ಈ ಮನೆಗೆ ಬಂದಮೇಲೆ ಕಂಡದ್ದು ಅದೇ ಮೊದಲು. ಒಳಗೆ ಮಾವ ಪಾತ್ರೆ ಸದ್ದು ಮಾಡುತ್ತಿದ್ದರು. ನನಗೆ ಕೂತಲ್ಲಿ ಕೂರಲಾಗದೆ, "ಅತ್ತೆ, ನಾನು ಹೋಗಿ ತೊಳೀಲಾ?" ಎಂದೆ.

"ಅವರು ತೊಳೀತಾರೆ," ಅಂದರು ಅತ್ತೆ. "ನೀನೂ ಕೂತ್ಕೋ."